ಹಳೆಯ ಕಂಪ್ಯೂಟರಿನ ಚಿತ್ರ ಕೆಟ್ಟಾಗ: ನಂಬಿಕೆ ಒಂದು, ಕಾರಣ ಇನ್ನೊಂದು

ಪರದೆಯಲ್ಲಿ ಗೆರೆ, ಚುಕ್ಕೆ, ಕಸ ಕಂಡರೆ ವಿಡಿಯೊ ಚಿಪ್ ಹೋಯಿತು ಎನ್ನುವುದು 1980ರ ದಶಕದ ಮನೆಬಳಕೆಯ ಕಂಪ್ಯೂಟರ್‌ಗಳ ಬಗ್ಗೆ ಬಲವಾಗಿ ಬೇರೂರಿದ ನಂಬಿಕೆ. ಹೆಚ್ಚಿನ ಸಲ ಅದು ಸುಳ್ಳು. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಚಿತ್ರದ 6,912 ಬೈಟ್‌ಗಳು ಕೂರುವುದು ಮೊದಲ 16 ಕೆಬಿ ಮೆಮೊರಿಯಲ್ಲಿ. ಅಲ್ಲಿ 4116 ಎಂಬ ಎಂಟು ಚಿಪ್‌ಗಳಿದ್ದು, ಪ್ರತಿ ಬೈಟಿನ ಒಂದೊಂದು ಬಿಟ್ ಒಂದೊಂದರ ಪಾಲು. ಒಂದು ಚಿಪ್ ಕೆಟ್ಟರೆ ಎಂಟು ಚುಕ್ಕೆಗಳಿಗೊಮ್ಮೆ ಲಂಬ ಗೆರೆ ಬೀಳುತ್ತದೆ. ಎಷ್ಟನೆಯ ಚುಕ್ಕೆಯಲ್ಲಿ ಗೆರೆ ಇದೆಯೋ ಅದೇ ಕೆಟ್ಟ ಚಿಪ್ಪಿನ ಗುರುತು.

ಆ ಚಿಪ್ ಬದಲಿಸಿದರೆ ಕೆಲಸ ಮುಗಿಯಿತೇ? ಇಲ್ಲ. 4116ಕ್ಕೆ +5, +12 ಮತ್ತು -5 ವೋಲ್ಟ್ ಮೂರೂ ಬೇಕು. ಕಂಪ್ಯೂಟರ್ ಚಾಲೂ ಇರುವಾಗ ಹಿಂಬದಿಯ ಕನೆಕ್ಟರ್‌ಗೆ ಏನನ್ನಾದರೂ ಸಿಕ್ಕಿಸಿದರೆ ಟಿಆರ್4 ಎಂಬ ಟ್ರಾನ್ಸಿಸ್ಟರ್ ಸುಡುವುದುಂಟು. ಆಗ -5 ವೋಲ್ಟ್ ಇಲ್ಲದೆ ಹೊಸ ಚಿಪ್ಪೂ ಹಾಳಾಗುತ್ತದೆ. ಮಲ್ಟಿಮೀಟರ್ ಮೊದಲು, ಚಿಪ್ ಆಮೇಲೆ.

ಅಡಾಪ್ಟರ್ ವಿಷಯದಲ್ಲಿ ಗೊಂದಲ ಇನ್ನೂ ದೊಡ್ಡದು. ಸ್ಪೆಕ್ಟ್ರಮ್‌ನ 9 ವೋಲ್ಟ್ ಅಡಾಪ್ಟರ್ ಲೋಡ್ ಇಲ್ಲದಾಗ 12 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅದು ಕೆಟ್ಟಿಲ್ಲ. ಆದರೆ ಅದರ ಪಿನ್ನಿನ ಒಳಭಾಗ ನೆಗೆಟಿವ್. ಇಂದಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಒಳಭಾಗ ಪಾಸಿಟಿವ್. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಗೆಯೇ ಚುಚ್ಚುವುದು ಅಪಾಯ.

1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಬೇರೆ ಬಗೆಯದು. ಅದರ ಮೋಡ್ 7ರ ಅಕ್ಷರಗಳನ್ನು ಬರೆಯುವುದು ಎಸ್‌ಎಎ5050 ಎಂಬ ಪ್ರತ್ಯೇಕ ಚಿಪ್. ಮೋಡ್ 7ರಲ್ಲಿ ಮಾತ್ರ ಅಕ್ಷರಗಳು ಕಲಸಿಹೋಗಿ ಉಳಿದ ಮೋಡ್‌ಗಳು ಸರಿಯಿದ್ದರೆ ಮೊದಲ ಅನುಮಾನ ಆ ಚಿಪ್ ಮತ್ತು ಅದರ ಸಾಕೆಟ್ ಮೇಲೆ.

ಮಂಗಳೂರಿನ ಕಡಲ ಗಾಳಿಗೆ ಚಿಪ್‌ಗಳು ಒಳಗೇ ಕೊಳೆಯುತ್ತವೆ ಎಂಬ ಮಾತೂ ಇದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಲ್ಲಿ ಈ ಭಯ ಸಹಜವೇ. ಆದರೆ ಕಿಲುಬು ಹಿಡಿಯುವುದು ಹೆಚ್ಚಾಗಿ ಹೊರಗೆ: ಚಿಪ್ಪಿನ ಕಾಲು, ಸಾಕೆಟ್, ಅಂಚಿನ ಕನೆಕ್ಟರ್. ಆಟಿ ತಿಂಗಳ ಮಳೆಯಲ್ಲಿ ಕೈಕೊಟ್ಟ ಯಂತ್ರ ಚಿಪ್‌ಗಳನ್ನು ಕಿತ್ತು ಮತ್ತೆ ಕೂರಿಸಿದಾಗಲೇ ಸರಿಹೋಗಬಹುದು. ಸಂಪರ್ಕಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿದರೆ ಲೇಪ ಎದ್ದು ಕಿಲುಬು ಬೇಗ ಮರಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಕೆಲವು 'ದೋಷ'ಗಳು ದೋಷವೇ ಅಲ್ಲ. ಸ್ಪೆಕ್ಟ್ರಮ್‌ನಲ್ಲಿ 8×8 ಚುಕ್ಕೆಗಳ ಚೌಕಕ್ಕೆ ಎರಡೇ ಬಣ್ಣ, ಹಾಗಾಗಿ ಬಣ್ಣಗಳು ಒಂದರೊಳಗೊಂದು ನುಗ್ಗುತ್ತವೆ. ಬಿಬಿಸಿ ಮೈಕ್ರೊದ ಕಾಂಪೊಸಿಟ್ ಚಿತ್ರ ಕಪ್ಪುಬಿಳುಪಾಗಿದ್ದರೆ ಬೋರ್ಡಿನ ಎಸ್39 ಲಿಂಕ್ ಜೋಡಿಸಿಲ್ಲ ಎಂದಷ್ಟೇ ಅರ್ಥ. ಸ್ಪೆಕ್ಟ್ರಮ್ ಕಳಿಸುವುದು 312 ಗೆರೆಗಳ ಚಿತ್ರ. 625 ಗೆರೆಗಳ ಪಾಲ್ ಸಂಕೇತ ಬಯಸುವ ಕೆಲವು ಎಲ್‌ಇಡಿ ಟಿವಿಗಳಲ್ಲಿ ಅದು ನಡುಗುತ್ತದೆ ಇಲ್ಲವೇ ಮೂಡುವುದೇ ಇಲ್ಲ. ಟಿವಿ ಬದಲಿಸಿ ನೋಡುವ ಮೊದಲು ಬೋರ್ಡಿಗೆ ಸೋಲ್ಡರಿಂಗ್ ಐರನ್ ತಾಗಿಸಬಾರದು.