ಬಣ್ಣದ ಕೆಲಸಕ್ಕೆ ಬೆಳಕಿನ ಸಾಕ್ಷಿ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿರಿ. ನಿಮ್ಮ ಮನೆಯ ಗೋಬರ್ ಗ್ಯಾಸ್ ಸ್ಥಾವರದ ಕಬ್ಬಿಣದ ಡ್ರಮ್ಮಿಗೆ ಬಣ್ಣ ಹೊಡೆಸಿದ್ದೀರಿ. ಎರಡು ಕೈ ಹೊಡೆದಿದ್ದೇನೆಂದು ಕೆಲಸದವನು ಹೇಳಿದ. ನೋಡುವುದಕ್ಕೂ ಚೆನ್ನಾಗಿತ್ತು. ಕೂಲಿ ಕೊಟ್ಟು ಕಳುಹಿಸಿದಿರಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಲೆಯ ಉರಿ ಸಣ್ಣದಾಯಿತು. ಸೆಗಣಿ ಸಾಕಷ್ಟಿದೆ, ಕೊಳವೆ ಸರಿಯಾಗಿದೆ, ಆದರೂ ಅನಿಲ ನಿಲ್ಲುತ್ತಿಲ್ಲ. ಹುಡುಕಿ ನೋಡಿದರೆ ಬೆಸುಗೆಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ತೂತು! ಅಲ್ಲಿ ಬಣ್ಣವೇ ತಾಗಿರಲಿಲ್ಲ.

ತಪ್ಪು ನಡೆದದ್ದು ಬಣ್ಣ ಹೊಡೆದ ದಿನ. ಅದು ತಿಳಿದದ್ದು ಡ್ರಮ್ಮು ಕೆಟ್ಟ ಮೇಲೆ. ಆ ದಿನವೇ ಅದನ್ನು ಕಂಡುಹಿಡಿಯುವ ಉಪಾಯವಿದೆಯೇ? ಇದೆ. ಬಣ್ಣದಲ್ಲಿ ಬೆಳಕಿಗೆ ಹೊಳೆಯುವ ಗುರುತು ಸೇರಿಸಿ ಪರೀಕ್ಷಿಸುವುದು ಅಂತಹ ಒಂದು ಉಪಾಯ. ಅದು ಹೇಗೆ ಕೆಲಸ ಮಾಡುತ್ತದೆ, ಎಷ್ಟರ ಮಟ್ಟಿಗೆ ಅದನ್ನು ನಂಬಬಹುದು, ಅದರಿಂದ ನಾವು ಕಲಿಯಬಹುದಾದದ್ದೇನು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ತುಕ್ಕು ಎಲ್ಲಿಂದ ಆರಂಭ?

ತುಕ್ಕು ಇಡೀ ತಗಡನ್ನು ಒಮ್ಮೆಲೇ ಹಿಡಿಯುವುದಿಲ್ಲ. ಬಣ್ಣ ತಪ್ಪಿದ ಅಥವಾ ತೆಳ್ಳಗಾದ ಜಾಗದಲ್ಲಿ ಮೊದಲು ಹಿಡಿದು, ಅಲ್ಲಿಂದ ಬಣ್ಣದ ಅಡಿಯಲ್ಲೇ ಹರಡುತ್ತದೆ. ಬೆಸುಗೆಯ ಏರುತಗ್ಗು, ತಗಡಿನ ಚೂಪಾದ ಅಂಚು, ಮೂಲೆ, ಬೋಲ್ಟಿನ ತಲೆ - ಇವು ಕುಂಚ ಸರಿಯಾಗಿ ತಲುಪದ ಜಾಗಗಳು. ಚೂಪಾದ ಅಂಚಿನಲ್ಲಿ ಹಸಿ ಬಣ್ಣ ಹಿಂದಕ್ಕೆ ಸರಿದು ತೆಳುವಾಗುತ್ತದೆ. ಗೋಬರ್ ಗ್ಯಾಸಿನಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವೂ ಬಗ್ಗಡದ ತೇವವೂ ಸೇರಿದರೆ ಬರಿಯ ಕಬ್ಬಿಣ ಬಹುಬೇಗ ಸವೆಯುತ್ತದೆ. ತಗಡಿನ ಕಣಜ, ನೀರಿನ ತೊಟ್ಟಿ, ಕಬ್ಬಿಣದ ಕಂಬಗಳ ಕಥೆಯೂ ಇದೇ.

ಬೆಳಕಿನ ಗುಟ್ಟೇನು?

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಗಳ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎನ್ನುತ್ತಾರೆ. 400ಕ್ಕಿಂತ ಗಿಡ್ಡ ಅಲೆಗಳ ಅತಿನೇರಳೆ ಕಿರಣ ಕಣ್ಣಿಗೆ ಕಾಣದು. ಕೆಲವು ವಸ್ತುಗಳು ಈ ಕಾಣದ ಕಿರಣವನ್ನು ಹೀರಿಕೊಂಡು, ಕಣ್ಣಿಗೆ ಕಾಣುವ ನೀಲಿ, ಹಸಿರು ಅಥವಾ ಹಳದಿ ಬೆಳಕಾಗಿ ಹೊರಗೆ ಬಿಡುತ್ತವೆ. ದೀಪ ಆರಿಸಿದ ಕೂಡಲೇ ಹೊಳಪೂ ಆರುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಬ್ರಿಟನ್ನಿನ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1852ರಲ್ಲಿ ಇದನ್ನು ವಿವರಿಸಿದರು.

ಇದು ನಿಮಗೆ ಹೊಸದೇನಲ್ಲ. ಬ್ಯಾಂಕಿನಲ್ಲಿ ಗುಮಾಸ್ತರು ನೋಟನ್ನು ನೇರಳೆ ದೀಪದ ಕೆಳಗೆ ಹಿಡಿದು ನೋಡುವುದನ್ನು ಕಂಡಿರಬಹುದು. ನೋಟಿನ ಸಂಖ್ಯೆಯನ್ನು ಮುದ್ರಿಸಿದ ಮಸಿ ಆ ದೀಪಕ್ಕೆ ಹೊಳೆಯುತ್ತದೆ. ಕೆಲವು ಬಟ್ಟೆಸೋಪಿನ ಪುಡಿಗಳಲ್ಲಿಯೂ ಇಂತಹ ವಸ್ತು ಇರುವುದರಿಂದಲೇ ಒಗೆದ ಬಿಳಿ ಅಂಗಿ ಬಿಸಿಲಿನಲ್ಲಿ ಇನ್ನೂ ಬೆಳ್ಳಗೆ ಕಾಣುತ್ತದೆ.

ಎರಡು ಲೇಪ, ಎರಡು ಪರೀಕ್ಷೆ

ಹಡಗಿನ ಹೊಟ್ಟೆಯಲ್ಲಿ ಸಮುದ್ರದ ಉಪ್ಪುನೀರನ್ನು ತುಂಬುವ ಟ್ಯಾಂಕುಗಳಿರುತ್ತವೆ. ಒಳಗೆ ಕತ್ತಲೆ, ಮೂಲೆಗಳು ಬಹಳ. ಬಣ್ಣ ತಪ್ಪಿದ ಜಾಗವನ್ನು ಬರಿಗಣ್ಣಿನಿಂದ ಹುಡುಕುವುದು ಕಷ್ಟ. ಆದ್ದರಿಂದ ಅಮೆರಿಕದ ನೌಕಾದಳ ಮೊದಲಾದವರು ಇಂತಹ ಟ್ಯಾಂಕುಗಳಿಗೆ ಹೊಳೆಯುವ ಗುರುತು ಸೇರಿಸಿದ ಲೇಪವನ್ನು ಬಳಸುತ್ತ ಬಂದಿದ್ದಾರೆ.

ಕ್ರಮ ಸರಳವಾಗಿದೆ. ಗುರುತನ್ನು ಮೊದಲನೆಯ ಲೇಪದಲ್ಲಿ ಮಾತ್ರ ಸೇರಿಸುತ್ತಾರೆ. ಅದು ಒಣಗಿದ ಮೇಲೆ ನೇರಳೆ ದೀಪ ಹಾಯಿಸುತ್ತಾರೆ. ಎಲ್ಲೆಡೆ ಹೊಳೆದು, ಒಂದು ಕಡೆ ಕಪ್ಪಾಗಿ ಕಂಡರೆ ಅಲ್ಲಿ ಬಣ್ಣ ತಾಗಿಲ್ಲವೆಂದು ಅರ್ಥ. ಆ ಜಾಗವನ್ನು ಸರಿಪಡಿಸಿ, ಗುರುತಿಲ್ಲದ ಎರಡನೆಯ ಲೇಪವನ್ನು ಹಚ್ಚುತ್ತಾರೆ. ಅದು ಒಣಗಿದ ಮೇಲೆ ಮತ್ತೆ ದೀಪ ಹಾಯಿಸುತ್ತಾರೆ. ಈಗ ಲೆಕ್ಕ ತಿರುಗುಮುರುಗು: ಎಲ್ಲೆಡೆ ಕಪ್ಪಾಗಿರಬೇಕು. ಎಲ್ಲಿ ಹೊಳೆಯುತ್ತದೆಯೋ ಅಲ್ಲಿ ಎರಡನೆಯ ಕೈ ತಪ್ಪಿದೆ. ಬಿಳಿ ಬಣ್ಣಗಳಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆ ಕಿರಣವನ್ನು ಹೀರಿಕೊಳ್ಳುವುದರಿಂದ ಅಂತಹ ಮೇಲಿನ ಲೇಪ ಕೆಳಗಿನ ಹೊಳಪನ್ನು ಚೆನ್ನಾಗಿ ಮುಚ್ಚುತ್ತದೆ.

ಪಾರದರ್ಶಕ ಲೇಪಗಳಿಗಂತೂ ಈ ಉಪಾಯ ಬಹಳ ಅನುಕೂಲ. ವಿದ್ಯುತ್ ಉಪಕರಣಗಳೊಳಗಿನ ಹಲಗೆಗಳಿಗೆ ತೇವ ತಾಗದಂತೆ ತೆಳುವಾದ ಲೇಪ ಹಚ್ಚುತ್ತಾರೆ. ಬರಿಗಣ್ಣಿಗೆ ಅದು ಸರಿಯಾಗಿ ಕಾಣದು. ಆದುದರಿಂದ ಅಂತಹ ಅನೇಕ ಲೇಪಗಳಲ್ಲಿ ತಯಾರಕರೇ ಹೊಳೆಯುವ ಗುರುತನ್ನು ಸೇರಿಸಿರುತ್ತಾರೆ.

ಸರಕು ಅಸಲಿಯೇ?

ಇನ್ನೊಂದು ಉಪಯೋಗವೂ ಉಂಟು. ಸರಕು ತಮ್ಮದೇ ಎಂದು ತೋರಿಸಿಕೊಳ್ಳಲು ತಯಾರಕರು ಅದರಲ್ಲಿ ಅತ್ಯಲ್ಪ ಪ್ರಮಾಣದ ಗುರುತುಪುಡಿ ಬೆರೆಸಬಹುದು. ಎರ್ಬಿಯಂ, ಇಟರ್ಬಿಯಂ ಎಂಬ ವಿರಳ ಲೋಹಗಳಿರುವ ಕೆಲವು ಪುಡಿಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣ ಬಿದ್ದಾಗ ಹಸಿರಾಗಿ ಹೊಳೆಯುತ್ತವೆ. ಇಂತಹವು ಸಾಮಾನ್ಯ ವಸ್ತುಗಳಲ್ಲಿ ಇರುವುದಿಲ್ಲವಾದ್ದರಿಂದ ನಕಲು ಮಾಡುವುದು ಕಷ್ಟ. ಆದರೆ ಈ ಗುರುತನ್ನು ಓದುವ ಉಪಕರಣ ತಯಾರಕರ ಬಳಿ ಇರುತ್ತದೆ, ರೈತರ ಬಳಿ ಇರುವುದಿಲ್ಲ. ನಮಗೆ ಆಧಾರ ಐ.ಎಸ್.ಐ. ಗುರುತು, ಅದರೊಂದಿಗಿರುವ ಪರವಾನಗಿ ಸಂಖ್ಯೆ ಮತ್ತು ಅಂಗಡಿಯ ರಸೀದಿ. ಪರವಾನಗಿ ಸಂಖ್ಯೆ ನಿಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದವರ ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ಹೊಳಪೊಂದೇ ಸಾಲದು

ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾಗೆಯೇ ಹೊಳೆಯುವುದೆಲ್ಲ ಒಳ್ಳೆಯ ಬಣ್ಣವಲ್ಲ. ದೀಪ ತೋರಿಸುವುದು ಗುರುತು ಎಲ್ಲಿದೆ ಎಂಬುದನ್ನು ಮಾತ್ರ. ಬಣ್ಣ ತುಕ್ಕಿನ ಮೇಲೆಯೇ ಕುಳಿತಿದೆಯೇ, ತಗಡಿಗೆ ಗಟ್ಟಿಯಾಗಿ ಹಿಡಿದಿದೆಯೇ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹಲವು ಗುರುತುಗಳು ಬಿಸಿಲಿಗೆ ಮಾಸಿಹೋಗುವುದರಿಂದ ಹಳೆಯ ಬಣ್ಣ ಹೊಳೆಯದಿದ್ದರೆ ಅದು ಕಳಪೆ ಎಂದೂ ತೀರ್ಮಾನಿಸಬಾರದು.

ಮೆಕ್ಕೆಜೋಳ ಬೆಳೆಯುವವರಿಗೆ ಇದೇ ಪಾಠ ಇನ್ನೊಂದು ರೀತಿಯಲ್ಲಿ ತಿಳಿದಿರಬೇಕು. ಬೂಷ್ಟು ಹಿಡಿದ ಜೋಳ ಅತಿನೇರಳೆ ದೀಪಕ್ಕೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆದರೆ ಅಫ್ಲಟಾಕ್ಸಿನ್ ವಿಷದ ಸಂಶಯ ಬರುತ್ತದೆ. ಆದರೆ ಆ ಹೊಳಪು ವಿಷದ್ದಲ್ಲ, ಅದೇ ಬೂಷ್ಟು ತಯಾರಿಸುವ ಕೋಜಿಕ್ ಆಮ್ಲದಿಂದ ಬರುವಂಥದು. ಆದ್ದರಿಂದ ಹೊಳಪು ಕಂಡರೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಹೊಳಪು ಕಾಣದಿದ್ದರೆ ವಿಷವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ನೀವು ಮಾಡಬಹುದಾದದ್ದು

ಗುರುತು ಸೇರಿಸಿದ ಬಣ್ಣ ಊರಿನ ಸಾಮಾನ್ಯ ಅಂಗಡಿಗಳಲ್ಲಿ ಸಿಗುವಂಥದಲ್ಲ. ಸಾಮಾನ್ಯ ರೆಡ್ ಆಕ್ಸೈಡ್ ಬಣ್ಣ ಈ ದೀಪಕ್ಕೆ ಹೊಳೆಯುವುದೂ ಇಲ್ಲ. ಚಿಂತೆಯಿಲ್ಲ. ಈ ವಿಧಾನದ ತಿರುಳು ಒಂದೇ: ಒಂದು ಲೇಪ ಇನ್ನೊಂದರಿಂದ ಬೇರೆಯಾಗಿ ಕಾಣಬೇಕು. ಅದನ್ನು ಖರ್ಚಿಲ್ಲದೆ ಸಾಧಿಸಬಹುದು.

1. ಎರಡು ಕೈಗಳಿಗೆ ಎರಡು ಬೇರೆ ಬಣ್ಣ ಹೇಳಿರಿ. ಮೊದಲು ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಬೂದು ಅಥವಾ ಕಪ್ಪು. ಕೆಂಪು ಇಣುಕಿದ ಕಡೆ ಮೇಲಿನ ಕೈ ತಪ್ಪಿದೆಯೆಂದು ಹಗಲು ಬೆಳಕಿನಲ್ಲೇ ತಿಳಿಯುತ್ತದೆ.

2. ಬಣ್ಣಕ್ಕೆ ಮೊದಲು ತುಕ್ಕನ್ನು ತಂತಿ ಬ್ರಷ್ಷು ಮತ್ತು ಉಪ್ಪುಕಾಗದದಿಂದ ಪೂರ್ತಿ ತೆಗೆಸಿರಿ. ಎಣ್ಣೆ, ಗ್ರೀಸು ಇದ್ದರೆ ಬಣ್ಣ ಹಿಡಿಯದು. ಅತಿನೇರಳೆ ಟಾರ್ಚು ಸಿಕ್ಕಿದರೆ ರಾತ್ರಿಯಲ್ಲಿ ತಗಡಿನ ಮೇಲೆ ಹಾಯಿಸಿರಿ. ಅನೇಕ ಖನಿಜ ಎಣ್ಣೆಗಳ ಕಲೆ ಹೊಳೆದು ಕಾಣುತ್ತದೆ. ಎಲ್ಲ ಎಣ್ಣೆಗಳೂ ಹೊಳೆಯುವುದಿಲ್ಲ, ಆದ್ದರಿಂದ ಒರೆಸುವುದನ್ನು ಮಾತ್ರ ಬಿಡಬೇಡಿರಿ.

3. ಬೆಸುಗೆ, ಅಂಚು, ಮೂಲೆಗಳಿಗೆ ಮೊದಲು ಕುಂಚದಿಂದ ಒಂದು ಪಟ್ಟಿ ಹೊಡೆಸಿ, ಅನಂತರ ಇಡೀ ಮೈಗೆ ಹೊಡೆಸಿರಿ.

4. ಮೊದಲ ಕೈ ಒಣಗಿದಾಗ ನೀವೇ ಬಂದು ನೋಡುವುದಾಗಿ ಮುಂಚೆಯೇ ಮಾತಾಡಿಕೊಳ್ಳಿರಿ. ನೋಡಿದ ಮೇಲೆಯೇ ಎರಡನೆಯ ಕೈ. ಇದರಿಂದ ಕೆಲಸದವನಿಗೂ ಮುಂದೆ ಅಪವಾದ ತಪ್ಪುತ್ತದೆ.

5. ಹೊಳಪು ಬರಲೆಂದು ಸೋಪಿನ ಪುಡಿ ಮೊದಲಾದವನ್ನು ನೀವಾಗಿ ಬಣ್ಣಕ್ಕೆ ಬೆರೆಸಬೇಡಿರಿ. ಬಣ್ಣ ಕೆಡುತ್ತದೆ. ಕುಡಿಯುವ ನೀರಿನ ತೊಟ್ಟಿಗೆ ಆ ಕೆಲಸಕ್ಕೆಂದೇ ತಯಾರಿಸಿದ ಲೇಪವನ್ನು ಮಾತ್ರ ಬಳಸಿರಿ.

ಎಚ್ಚರಿಕೆ: ಗೋಬರ್ ಗ್ಯಾಸಿನ ಡ್ರಮ್ಮನ್ನು ಹೊರತೆಗೆದು, ಬಯಲಿನಲ್ಲಿ ಗಾಳಿಯಾಡಿಸಿ, ಅನಿಲ ಪೂರ್ತಿ ಹೋದ ಮೇಲೆ ಮಾತ್ರ ಪರೀಕ್ಷಿಸಿರಿ. ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ಬರಕೂಡದು. ಸ್ಥಾವರದ ಬಾವಿಯೊಳಗೆ ಯಾವ ಕಾರಣಕ್ಕೂ ಇಳಿಯಬೇಡಿರಿ. ಅತಿನೇರಳೆ ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬಾರದು, ಮಕ್ಕಳ ಕೈಗೂ ಕೊಡಬಾರದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಬಿತ್ತನೆ ಬೀಜವನ್ನು ಮೊಳಕೆ ಕಟ್ಟಿ ನೋಡದೆ ಹೊಲಕ್ಕೆ ಹಾಕದವರು ನೀವು. ಸಾವಿರಾರು ರೂಪಾಯಿ ಬೆಲೆಯ ಡ್ರಮ್ಮು, ಕಣಜಗಳನ್ನು ಕಾಯುವ ಬಣ್ಣವನ್ನೂ ಹಾಗೆಯೇ ನೋಡಿ ಒಪ್ಪಿಕೊಳ್ಳಿರಿ. ಈ ಸಲ ಬಣ್ಣ ಹೊಡೆಸುವಾಗ ಎರಡು ಡಬ್ಬಿ, ಎರಡು ಬಣ್ಣ ತನ್ನಿರಿ. ಅಷ್ಟರಿಂದಲೇ ಆರಂಭವಾಗಲಿ.