ಒಂದು ಪಕ್ಕದ ಎದೆನೋವು

“ಎಲ್ಲಿ ನೋವು, ತೋರಿಸಿ” ಎಂದು ಕೇಳುವ ವೈದ್ಯರ ಕಣ್ಣು ರೋಗಿಯ ಕೈ ಮೇಲಿರುತ್ತದೆ. ಒಬ್ಬರು ಒಂದೇ ಬೆರಳಿಟ್ಟು “ಇಲ್ಲೇ ಚುಚ್ಚುತ್ತೆ” ಎನ್ನುತ್ತಾರೆ. ಇನ್ನೊಬ್ಬರು ಮುಷ್ಟಿ ಬಿಗಿದು ಎದೆಯ ನಡುವೆ ಒತ್ತಿಕೊಂಡು “ಏನೋ ಭಾರ ಹೇರಿದ ಹಾಗಿದೆ” ಎನ್ನುತ್ತಾರೆ. ಆ ಮುಷ್ಟಿಯನ್ನು ವೈದ್ಯರು ಅಮೆರಿಕದ ಹೃದ್ರೋಗ ತಜ್ಞ ಸ್ಯಾಮ್ಯುಯೆಲ್ ಲೆವಿನ್ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಹೃದಯದ ನೋವು ಸಾಮಾನ್ಯವಾಗಿ ಹೀಗೆ ಹರಡಿಕೊಂಡಿರುತ್ತದೆ. ಹೃದಯ ಇರುವುದೂ ಎದೆಗೂಡಿನ ನಡುವೆಯೇ, ತುಸು ಎಡಕ್ಕೆ ವಾಲಿಕೊಂಡು. ಎಡಗಡೆ ನೋವೆಂದರೆ ಹಾರ್ಟು, ಬಲಗಡೆಯಾದರೆ ಗ್ಯಾಸು ಎಂಬ ಲೆಕ್ಕವನ್ನು ಮೊದಲು ಬಿಡಬೇಕು.

ಬೆರಳಿಟ್ಟು ತೋರಿಸುವ ನೋವು ಬಹಳ ಸಲ ಎದೆಗೋಡೆಯದು. ನಮಗಿರುವ 12 ಜೊತೆ ಪಕ್ಕೆಲುಬುಗಳಲ್ಲಿ ಮೇಲಿನ 7 ಜೊತೆ ಮೃದುಮೂಳೆಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಭಾರ ಎತ್ತಿದ ಮೇಲೆ, ವಾರಗಟ್ಟಲೆ ಕೆಮ್ಮಿದ ಮೇಲೆ ಆ ಸಂದುಗಳು ನೋಯತೊಡಗುತ್ತವೆ. ಒತ್ತಿದರೆ ನೋವು, ಮಗ್ಗುಲು ಬದಲಿಸಿದರೂ ನೋವು. ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ಉಸಿರೆಳೆದಾಗಲೆಲ್ಲ ಕತ್ತರಿಸಿದಂತಾದರೆ ಅದು ಬೇರೆ. ಶ್ವಾಸಕೋಶದ ಒಳಗೆ ನೋವು ತಿಳಿಸುವ ನರಗಳಿಲ್ಲ; ಎದೆಗೂಡಿನ ಒಳಮೈಗೆ ಅಂಟಿದ ತೆಳುಪೊರೆಯಲ್ಲಿವೆ. ನ್ಯುಮೋನಿಯಾ, ಕ್ಷಯ ಆ ಪೊರೆಗೆ ತಗುಲಿದಾಗ ಜ್ವರದ ಜೊತೆ ಒಂದು ಪಕ್ಕ ಚುಚ್ಚುತ್ತದೆ. ಆಮೇಲೆ ಪೊರೆಗಳ ನಡುವೆ ನೀರು ತುಂಬಿದರೆ ನೋವು ಕಡಿಮೆಯಾಗಿ ಏದುಸಿರು ಶುರುವಾಗುತ್ತದೆ. ಅದನ್ನು ಗುಣವಾಯಿತೆಂದು ತಿಳಿಯಬಾರದು. ಎತ್ತರದ, ತೆಳ್ಳಗಿನ ಯುವಕರಲ್ಲಿ ಶ್ವಾಸಕೋಶದಿಂದ ಗಾಳಿ ಸೋರಿ ಥಟ್ಟನೆ ನೋವು, ಏದುಸಿರು ಬರುವುದುಂಟು. ಆಪರೇಷನ್ ಆಗಿ ಮಲಗಿದ್ದವರಲ್ಲಿ ಕಾಲಿನ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೂ ಹೀಗಾಗುತ್ತದೆ. ಎರಡಕ್ಕೂ ಆ ಕ್ಷಣವೇ ಆಸ್ಪತ್ರೆ ಬೇಕು.

ಎಲ್ಲರನ್ನೂ ದಾರಿ ತಪ್ಪಿಸುವುದು ಸರ್ಪಸುತ್ತು. ಎಂದೋ ಬಂದುಹೋದ ಸೀತಾಳ ಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿದ್ದು ವಯಸ್ಸಾದ ಮೇಲೆ ಎಚ್ಚರಗೊಳ್ಳುತ್ತದೆ. ಬೆನ್ನಿನಿಂದ ಎದೆಯವರೆಗೆ, ಒಂದೇ ಪಕ್ಕದಲ್ಲಿ, ಪಟ್ಟಿ ಎಳೆದಂತೆ ಉರಿ. ಚರ್ಮದ ಮೇಲೆ ಆಗಿನ್ನೂ ಏನೂ ಕಾಣುವುದಿಲ್ಲ, ಇಸಿಜಿಯೂ ಸರಿಯಾಗಿರುತ್ತದೆ. ಕೆಲವು ದಿನಗಳ ಮೇಲೆ ಕೆಂಪು ಗುಳ್ಳೆಗಳ ಸಾಲು ಏಳುತ್ತದೆ. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದು. ಮಣ್ಣು ಮೆತ್ತಿಕೊಂಡು ಆ ಹೊತ್ತನ್ನು ಕಳೆದುಕೊಂಡವರು ಅನೇಕರು. ಸರ್ಪದ ತಲೆಬಾಲ ಕೂಡಿದರೆ ಜೀವ ಹೋಗುತ್ತದೆಂಬ ಹೆದರಿಕೆಗೆ ಆಧಾರವಿಲ್ಲ.

ಬಲಪಕ್ಕೆಯ ಕೆಳಗೆ ಎದ್ದು ಬಲಭುಜಕ್ಕೆ ಏರುವ ನೋವಾದರೆ ಪಿತ್ತಕೋಶದ ಕಲ್ಲನ್ನು ಶಂಕಿಸುತ್ತಾರೆ.

ಇಷ್ಟೆಲ್ಲ ಕಾರಣಗಳಿದ್ದರೂ ಮನೆಯಲ್ಲೇ ಕುಳಿತು ತೀರ್ಮಾನಿಸಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತವು ಬರೀ ಸುಸ್ತು, ಬೆವರು, ದವಡೆ ನೋವಾಗಿ ಬರಬಹುದು. ನಡೆದಾಗ ಬಿಗಿಯುವ ನೋವು, ತೋಳಿಗೆ ಇಳಿಯುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ಸೋಡಾ ಕುಡಿದು ಕಾಯಬೇಡಿ. ಬೈಕ್ ಹತ್ತಿ ತಾವೇ ಹೊರಡಲೂಬೇಡಿ. 108ಕ್ಕೆ ಕರೆ ಮಾಡಿ.