ಗಡಿ ದಾಟಿದ ಕಾರು, ಹಿಂದುಳಿದ ವಾರಂಟಿ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವನು ಚೀಲದ ಬಾಯಿ ಬಿಚ್ಚಿಸಿ ಕೈ ಹಾಕುತ್ತಾನೆ. ಬಣ್ಣ ನೋಡುತ್ತಾನೆ, ಸಿಪ್ಪೆಯ ಸುಕ್ಕು ನೋಡುತ್ತಾನೆ, ಮುರಿದು ಮೂಸುತ್ತಾನೆ. ಕಡ್ಡಿಯೋ ಡಬ್ಬಿಯೋ, ಈ ವರ್ಷದ್ದೋ ಶೀತಲಗೃಹದಿಂದ ಹೊರಬಂದದ್ದೋ ಎಂಬುದನ್ನು ಅರೆಗಳಿಗೆಯಲ್ಲಿ ಹೇಳಬಲ್ಲ ಕಣ್ಣು ಅವನದು. ಅಂಥ ಕಣ್ಣುಳ್ಳ ನನ್ನ ಸೋದರಮಾವನ ಮಗ, ಎರಡು ವರ್ಷ ಮೂರು ತಿಂಗಳು ಓಡಿದ ಒಂದು ಕಾರನ್ನು ಕೊಲ್ಹಾಪುರದಲ್ಲಿ ಒಂದೇ ಮಧ್ಯಾಹ್ನದಲ್ಲಿ ಕೊಂಡು ಬಂದ. ಹಳೆಯ ಕಾರು ಮಾರುವ ಅಂಗಡಿಯಾತ ಅವನಿಗೆ ಹೇಳಿದ್ದು ಇಷ್ಟೇ: ‘ಗಾಡಿ ಕಂಡೀಶನ್ ಭಾರೀ ಐತ್ರೀ. ಇನ್ನ ಒಂಬತ್ತು ತಿಂಗಳು ಕಂಪನಿ ಗ್ಯಾರಂಟಿನೂ ಐತಿ.’

ಹಾವೇರಿ ಜಿಲ್ಲೆಯ ಹೆದ್ದಾರಿ ಊರುಗಳಲ್ಲಿ ಇದು ಹೊಸ ಕಥೆಯೇನಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಕೊಲ್ಹಾಪುರದೊಂದಿಗೆ ನೇರವಾಗಿ ಬೆಸೆದಿದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಅಲ್ಲಿರಬಹುದು. ಗೋವಾ ಕೂಡ ದೂರವಲ್ಲ. ಮಹಾರಾಷ್ಟ್ರ, ಗೋವಾಗಳಲ್ಲಿ ಕಾರು ಅಗ್ಗ ಎಂಬ ಮಾತು ಊರ ಚಹಾದಂಗಡಿಗಳಲ್ಲಿ ಸದಾ ಇರುತ್ತದೆ. ಅದರಲ್ಲಿ ಸತ್ಯಾಂಶವೂ ಉಂಟು. ಕರ್ನಾಟಕದ ಆಜೀವ ವಾಹನ ತೆರಿಗೆ ದೇಶದ ಅತಿ ಹೆಚ್ಚಿನ ದರಗಳ ಪೈಕಿ ಒಂದು; 10 ಲಕ್ಷದಿಂದ 20 ಲಕ್ಷ ರೂಪಾಯಿ ಬೆಲೆಯ ಪೆಟ್ರೋಲ್, ಡೀಸೆಲ್ ಕಾರಿಗೆ ಅದು ಶೇ 17, ಅದರ ಮೇಲೆ ಸೆಸ್ ಬೇರೆ. ಆದರೆ ಗಡಿಯಾಚೆ ಅಗ್ಗವಾಗಿ ಸಿಕ್ಕದ್ದು ಗಡಿಯೀಚೆಗೂ ಅಗ್ಗವಾಗಿಯೇ ಉಳಿಯುವುದೇ ಎಂಬ ಲೆಕ್ಕವನ್ನು ಕೊಳ್ಳುವ ಮೊದಲು ಹಾಕುವವರು ಕಡಿಮೆ. ವಾರಂಟಿಯ ಲೆಕ್ಕವನ್ನಂತೂ ಯಾರೂ ಹಾಕುವುದಿಲ್ಲ.

ಮೂರನೆಯ ತಿಂಗಳಲ್ಲಿ, ಬಂಕಾಪುರದ ಟೋಲ್ ದಾಟಿ ಸ್ವಲ್ಪ ದೂರದಲ್ಲಿ ಕಾರಿನ ಆಟೊಮ್ಯಾಟಿಕ್ ಗೇರು ಸಿಕ್ಕಿಕೊಂಡಿತು. ಕಾರನ್ನು ಎಳೆಸಿಕೊಂಡು ಹುಬ್ಬಳ್ಳಿಯ ಅಧಿಕೃತ ವರ್ಕ್‌ಶಾಪಿಗೆ ಒಯ್ದದ್ದಾಯಿತು. ಗೇರುಪೆಟ್ಟಿಗೆಯ ಇಲೆಕ್ಟ್ರಾನಿಕ್ ಭಾಗ ಬದಲಿಸಬೇಕು, ಲಕ್ಷಕ್ಕೂ ಮಿಕ್ಕಿ ಖರ್ಚು, ವಾರಂಟಿ ಅನ್ವಯಿಸುವುದಿಲ್ಲ ಎಂದರು. ಕಾರಣ ಎರಡು. 20,000 ಕಿಲೋಮೀಟರಿನ ಸರ್ವೀಸು ಕಂಪನಿಯ ದಾಖಲೆಯಲ್ಲಿ ಇಲ್ಲ. ಮೊದಲ ಮಾಲೀಕ ಅದನ್ನು ಇಚಲಕರಂಜಿಯ ಒಂದು ಗ್ಯಾರೇಜಿನಲ್ಲಿ ಮಾಡಿಸಿದ್ದನಂತೆ. ಎರಡನೆಯದು, ಮಾಲೀಕತ್ವ ಬದಲಾದುದನ್ನು ಕಂಪನಿಗೆ ತಿಳಿಸಿಲ್ಲ. ಕೊಲ್ಹಾಪುರದಲ್ಲಿ ಉಳಿಸಿದ ಹಣ ಹುಬ್ಬಳ್ಳಿಯಲ್ಲಿ ಕರಗುವುದರಲ್ಲಿತ್ತು.

ವಾರಂಟಿ ಎಂಬುದು ಕೃಪೆಯಲ್ಲ, ಕರಾರು. 1930ರ ಸರಕು ಮಾರಾಟ ಕಾಯ್ದೆಯೇ ಇದನ್ನು ಮಾರಾಟದ ಮುಖ್ಯ ಉದ್ದೇಶಕ್ಕೆ ಹೊಂದಿಕೊಂಡ ಉಪಕರಾರು ಎಂದು ವಿವರಿಸುತ್ತದೆ. ಅದು ಮುರಿದರೆ ಪರಿಹಾರ ಕೇಳಬಹುದು. ನಮ್ಮಲ್ಲಿ ವಾರಂಟಿಯನ್ನು ಗ್ಯಾರಂಟಿ ಎನ್ನುವುದು ರೂಢಿ. 2023ರ ನಂತರ ಆ ಶಬ್ದಕ್ಕೆ ಬೇರೆಯದೇ ಅರ್ಥ ಬಂದಿರುವುದರಿಂದ ಇಲ್ಲಿ ವಾರಂಟಿ ಎಂದೇ ಬಳಸುತ್ತೇನೆ. ಈ ಕರಾರಿನ ಗಡಿಯಾರ ಓಡಲು ಶುರುವಾಗುವುದು ಮೊದಲ ಗಿರಾಕಿಗೆ ಕಾರು ಕೈಸೇರಿದ ದಿನದಿಂದ. ಎರಡನೆಯವನು ಕೊಂಡ ದಿನದಿಂದಲ್ಲ. ಉಳಿದ ಅವಧಿ ಕಾರಿನ ಜತೆಗೇ ಹೊಸ ಮಾಲೀಕನಿಗೆ ಸಾಗುವುದು ಸಾಮಾನ್ಯ. ಆದರೆ ಹೆಚ್ಚಿನ ಹಣ ಕೊಟ್ಟು ಪಡೆದ ವಿಸ್ತರಿತ ವಾರಂಟಿಯನ್ನು ಅರ್ಜಿ ಹಾಕಿ ವರ್ಗಾಯಿಸಿಕೊಳ್ಳಬೇಕಾಗಬಹುದು, ಕೆಲವು ಸೌಲಭ್ಯಗಳು ಮೊದಲ ಮಾಲೀಕನಿಗಷ್ಟೇ ಮೀಸಲು. ವಿದ್ಯುತ್ ಕಾರುಗಳ ಬ್ಯಾಟರಿಯ ವಿಷಯದಲ್ಲಿ ಇದನ್ನು ಎರಡೆರಡು ಸಲ ಓದಬೇಕು. ಪ್ರವಾಹದ ನೀರು ಹೊಕ್ಕ ಹಾನಿಗೆ ವಾರಂಟಿ ಇಲ್ಲ ಎಂಬ ಸಾಲು ಬಹುತೇಕ ಎಲ್ಲ ಪುಸ್ತಿಕೆಗಳಲ್ಲಿ ಇರುತ್ತದೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೊಲ್ಹಾಪುರ, ಸಾಂಗಲಿ ಭಾಗ ಮುಳುಗಿದ್ದನ್ನು ನೆನೆದರೆ ಈ ಸಾಲು ನಮ್ಮ ಜಿಲ್ಲೆಯವರಿಗೆ ಎಷ್ಟು ಹತ್ತಿರದ್ದು ಎಂಬುದು ತಿಳಿಯುತ್ತದೆ.

ರಾಜ್ಯದ ಗಡಿ ಮತ್ತು ದೇಶದ ಗಡಿ ಎರಡನ್ನೂ ಇಲ್ಲಿ ಬೇರ್ಪಡಿಸಿ ನೋಡಬೇಕು. ಭಾರತದಲ್ಲಿ ಮಾರಿದ ಕಾರಿನ ವಾರಂಟಿ ದೇಶದ ಯಾವುದೇ ಅಧಿಕೃತ ವರ್ಕ್‌ಶಾಪಿನಲ್ಲಿ ನಡೆಯುವಂಥದು. ಎಂಎಚ್–09 ಫಲಕದ ಕಾರು ಎಂಬ ಕಾರಣಕ್ಕೆ ಹುಬ್ಬಳ್ಳಿಯಲ್ಲಾಗಲಿ ದಾವಣಗೆರೆಯಲ್ಲಾಗಲಿ ಅದನ್ನು ನಿರಾಕರಿಸುವಂತಿಲ್ಲ. ದೇಶದ ಗಡಿ ದಾಟಿದ ಕಾರಿನ ಮಾತು ಬೇರೆ. ಮಾರಾಟವಾದ ದೇಶಕ್ಕೇ ವಾರಂಟಿಯನ್ನು ಸೀಮಿತಗೊಳಿಸುವುದು ಕಂಪನಿಗಳ ವಾಡಿಕೆ. ಹಳೆಯ ಕಾರು ಆಮದಾಗಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗು ಬಲಕ್ಕಿರಬೇಕು, ನಿಗದಿತ ಬಂದರಿನ ಮೂಲಕವೇ ಬರಬೇಕು, ಮೇಲೆ ಭಾರಿ ಸುಂಕ ತೆರಬೇಕು. ಕೊಲ್ಲಿ ದೇಶಗಳಿಂದ ಮರಳುವ ನಮ್ಮವರು ಅಲ್ಲಿನ ಕಾರನ್ನು ಅಲ್ಲೇ ಮಾರಿ ಬರುವುದು ಇದೇ ಕಾರಣಕ್ಕೆ. ಅಲ್ಲಿಯ ಸ್ಟೀರಿಂಗು ಎಡಕ್ಕೆ. ನೆರೆದೇಶದಿಂದ ಕಾರು ತರುವ ಆಸೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಸೀಮಾಸುಂಕ ಇಲಾಖೆ ನಡೆಸಿದ ‘ಆಪರೇಷನ್ ನುಮ್‌ಖೋರ್’ ಸಾಕ್ಷಿ. ಭೂತಾನಿನಿಂದ ಕಳ್ಳದಾರಿಯಲ್ಲಿ ತಂದು, ಸುಳ್ಳು ಕಾಗದಗಳಿಂದ ಇಲ್ಲಿ ನೋಂದಾಯಿಸಿದ್ದು ಎಂಬ ಆರೋಪದ ಮೇಲೆ ಹಲವು ದುಬಾರಿ ವಾಹನಗಳನ್ನು ಇಲಾಖೆ ವಶಪಡಿಸಿಕೊಂಡಿತು. ಕಾರೇ ಕೈಬಿಟ್ಟು ಹೋಗುವ ಸಂದರ್ಭದಲ್ಲಿ ವಾರಂಟಿಯ ಮಾತೆಲ್ಲಿ?

ಕೊಲ್ಹಾಪುರದ ಕಾರಿಗೆ ಅಂಥ ಅಪಾಯವಿಲ್ಲ ನಿಜ. ಆದರೂ ಅದರ ಬೆನ್ನಿಗೆ ಕಾಗದಗಳ ಒಂದು ಕಟ್ಟೇ ಬರಬೇಕು. ಮೂಲ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿಯ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅಂದರೆ ಹಾವೇರಿಯ ಕೆಎ–27 ಅಥವಾ ರಾಣೆಬೆನ್ನೂರಿನ ಕೆಎ–68 ಬರುವ ಹೊತ್ತಿಗೆ, ಕಾರಿನ ವಯಸ್ಸಿಗೆ ತಕ್ಕಂತೆ ಇಳಿದ ದರದಲ್ಲಾದರೂ ಕರ್ನಾಟಕದ ಆಜೀವ ತೆರಿಗೆ ಕಟ್ಟಲೇಬೇಕು. ಮೂಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ಮರಳಿ ಪಡೆಯುವುದು ಇನ್ನೊಂದು ಅಲೆದಾಟ. ಎಷ್ಟೋ ಜನ ಮಹಾರಾಷ್ಟ್ರದ ಫಲಕವನ್ನೇ ಹಾಗೇ ಇಟ್ಟುಕೊಂಡು ದಿನ ದೂಡುತ್ತಾರೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಸಾರಿಗೆ ಇಲಾಖೆ ಸುಮಾರು 1.41 ಕೋಟಿ ರೂಪಾಯಿ ತೆರಿಗೆ, ದಂಡ ವಸೂಲು ಮಾಡಿತು. ನಮ್ಮ ಊರಿನ ಕಾರುಗಳಿಗೆ ಅಷ್ಟು ದೊಡ್ಡ ಮೊತ್ತವಾಗದು. ಆದರೆ ಕಾನೂನು ಅದೇ.

ಇದಕ್ಕಿಂತ ಗಂಭೀರವಾದದ್ದು ವಿಮೆ. ಕಾರು ಕೈಬದಲಾದಾಗ ಮೂರನೆಯವರಿಗಾಗುವ ಹಾನಿಯ ವಿಮೆ ಕಾಯ್ದೆಯ 157ನೇ ಕಲಂ ಪ್ರಕಾರ ತಾನಾಗಿಯೇ ಹೊಸ ಮಾಲೀಕನಿಗೆ ವರ್ಗವಾದಂತೆ. ಆತ 14 ದಿನಗಳಲ್ಲಿ ವಿಮಾ ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು. ಕಾರಿಗೇ ಆಗುವ ಹಾನಿಯ ವಿಮೆ ಮಾತ್ರ ಹಾಗೆ ತಾನಾಗಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಸ್ಪಷ್ಟಪಡಿಸಿದೆ. 2018ರಲ್ಲಿ ಅದೇ ನ್ಯಾಯಾಲಯ, ಅಪಘಾತದ ದಿನ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆ ಎಂದಿತು. ಆದ್ದರಿಂದ ಹೆಸರು ಬದಲಿಸದೆ ಬಿಟ್ಟರೆ ಮಾರಿದವನಿಗೂ ನೆಮ್ಮದಿಯಿಲ್ಲ, ಕೊಂಡವನಿಗೂ ಇಲ್ಲ.

ಈಗ ಇಚಲಕರಂಜಿಯ ಗ್ಯಾರೇಜಿಗೆ ಮರಳೋಣ, ಏಕೆಂದರೆ ವಿವಾದದ ಗಂಟು ಇರುವುದು ಅಲ್ಲೇ. ಸಣ್ಣ ಊರುಗಳಲ್ಲಿ ಎಲ್ಲ ಕಂಪನಿಗಳ ಅಧಿಕೃತ ವರ್ಕ್‌ಶಾಪುಗಳೂ ಇರುವುದಿಲ್ಲ. ಬ್ಯಾಡಗಿಯವನೊಬ್ಬ ಎಣ್ಣೆ ಬದಲಿಸಲು ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಒಂದು ದಿನದ ವ್ಯಾಪಾರ ಕೆಟ್ಟಂತೆ. ಊರ ಗ್ಯಾರೇಜಿನಲ್ಲಿ, ತಂದೆಯ ಕಾಲದಿಂದ ಪರಿಚಿತನಾದ ಮೆಕ್ಯಾನಿಕನ ಕೈಯಲ್ಲಿ ಅದನ್ನು ಮಾಡಿಸಿದರೆ ವಾರಂಟಿ ಪೂರ್ತಿ ರದ್ದು ಎಂಬುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಭಾರತೀಯ ಸ್ಪರ್ಧಾ ಆಯೋಗ ವಿಚಾರಿಸಿದೆ. 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿದ ಆದೇಶದಲ್ಲಿ ಅದು, ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆಯುವುದು ಸ್ಪರ್ಧೆಗೆ ಮಾರಕ ಎಂದಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಸಾರಾಸಗಟು ರದ್ದಾಗುತ್ತದೆಂಬ ಷರತ್ತು ಕೂಡದು, ಹೊರಗಿನ ಕೆಟ್ಟ ದುರಸ್ತಿಯಿಂದಾದ ಹಾನಿಯ ಮಟ್ಟಿಗೆ ಮಾತ್ರ ಅದನ್ನು ನಿರಾಕರಿಸಬಹುದು ಎಂಬುದು ಆ ಆದೇಶದ ತಿರುಳು. ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು. ವರ್ಕ್‌ಶಾಪಿನ ಕೌಂಟರಿನಲ್ಲಿ ಕುಳಿತವರ ಬಾಯಲ್ಲಿ ಹಳೆಯ ಷರತ್ತೇ ಉಳಿದಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಜಾಲತಾಣ ಆರಂಭಿಸಿತು. ಮೊಬೈಲು, ಗೃಹೋಪಯೋಗಿ ಯಂತ್ರಗಳ ಜತೆಗೆ ವಾಹನ ಮತ್ತು ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ತಂದದ್ದು ನಮ್ಮಂಥ ಜಿಲ್ಲೆಗೆ ಮುಖ್ಯ. ಇಲ್ಲಿ ಕಾರಿಗಿಂತ ಟ್ರ್ಯಾಕ್ಟರು ನಿಂತರೆ ನಷ್ಟ ಹೆಚ್ಚು.

ದೂರು ಕೊಡುವುದಾದರೆ ಎಲ್ಲಿ? 1986ರ ಗ್ರಾಹಕ ಕಾಯ್ದೆ ಇದ್ದಷ್ಟು ಕಾಲ, ಎದುರುದಾರ ಇರುವಲ್ಲಿ ಅಥವಾ ವ್ಯಾಜ್ಯಕಾರಣ ಹುಟ್ಟಿದಲ್ಲಿ ಎಂಬ ನಿಯಮವಿತ್ತು, ಕೊಲ್ಹಾಪುರಕ್ಕೇ ಅಲೆಯಬೇಕಾಗುತ್ತಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆ ಇದನ್ನು ಬದಲಿಸಿತು. ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಹಾಗಾಗಿ ಕೊಲ್ಹಾಪುರದ ಅಂಗಡಿಯವನೂ ಕಾರು ಕಂಪನಿಯೂ ಹಾವೇರಿಗೆ ಬಂದು ಉತ್ತರಿಸಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗದ ಅಧಿಕಾರ, ಎರಡು ವರ್ಷದೊಳಗೆ ದೂರು. ಆದರೆ ಒಂದು ಎಚ್ಚರ: ಕಾರನ್ನು ವ್ಯಾಪಾರಿಯಿಂದಲ್ಲದೆ ಯಾರೋ ಒಬ್ಬ ಮನೆಯವರಿಂದ ನೇರವಾಗಿ ಕೊಂಡಿದ್ದರೆ, ಮಾರಿದವನ ಮೇಲೆ ಈ ಬಾಗಿಲು ತೆರೆಯುವುದು ಕಷ್ಟ, ಸಿವಿಲ್ ನ್ಯಾಯಾಲಯವೇ ಗತಿ. ಹಳೆಯ ವಾಹನ ಮಾರುವ ಅಂಗಡಿಗಳು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದನ್ನು ತೋರಿಸಿ ಎಂದು ಕೇಳಿದ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಅಂಗಡಿಯವನ ತಪ್ಪಿಗೆ ಕಂಪನಿ ಹೊಣೆಯಾಗುವುದೇ? ಗೋವಾದ ಗ್ರಾಹಕರೊಬ್ಬರಿಗೆ 2011ರಲ್ಲಿ ಹೊಸದೆಂದು ಕೊಟ್ಟ ಕಾರು 2009ರ ಮಾದರಿಯದಾಗಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಫೆಬ್ರುವರಿಯಲ್ಲಿ ನ್ಯಾಯಾಲಯ, ಡೀಲರನ ತಪ್ಪು ಕಂಪನಿಗೆ ತಿಳಿದಿತ್ತೆಂಬುದು ಸಿದ್ಧವಾಗದೆ ಟಾಟಾ ಮೋಟರ್ಸ್ ಅನ್ನು ಹೊಣೆ ಮಾಡಲಾಗದು ಎಂದಿತು. ಅಂದರೆ ‘ಕಂಪನಿ ಗ್ಯಾರಂಟಿ ಐತಿ’ ಎಂದು ಹಳೆಯ ಕಾರಿನ ವ್ಯಾಪಾರಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಕಂಪನಿಯನ್ನು ಹಿಡಿಯುವುದು ದುಸ್ತರ. ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಂಡಿದ್ದರೆ ಆಡಿದವನನ್ನಾದರೂ ಹಿಡಿಯಬಹುದು.

ಕಾಗದ ಜೋಪಾನ ಮಾಡುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ ಎಂಬುದು ನನಗೆ ಸೋಜಿಗ. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಅಲ್ಲಿಯ ಅನುಭವಿ ರೈತ ಬಿತ್ತನೆ ಬೀಜದ ಚೀಲ ಖಾಲಿಯಾದರೂ ಅದರ ಲೇಬಲನ್ನೂ ಬಿಲ್ಲನ್ನೂ ಬಿಸಾಡುವುದಿಲ್ಲ. ಮೊಳಕೆಯ ಪ್ರಮಾಣ, ತಳಿಯ ಶುದ್ಧತೆ, ಲಾಟ್ ಸಂಖ್ಯೆ ಎಲ್ಲವೂ ಅದರ ಮೇಲಿರುತ್ತವೆ. ಬೆಳೆ ಕೈಕೊಟ್ಟರೆ ಅದೇ ಸಾಕ್ಷಿ. ಆಂಧ್ರಪ್ರದೇಶದ ರೈತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ಕಳಪೆ ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕಾಯ್ದೆ ಇದೆಯೆಂದು ಅವನಿಗೆ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚದು ಎಂದು ತೀರ್ಪಿತ್ತದ್ದು ಇಂಥ ಕಾಗದದ ಬಲದಿಂದಲೇ ಉಪಯೋಗಕ್ಕೆ ಬರುತ್ತದೆ. ಕೆಲವೇ ಸಾವಿರ ರೂಪಾಯಿಯ ಬೀಜಕ್ಕೆ ಇರುವ ಈ ಎಚ್ಚರ ಎಂಟು ಲಕ್ಷದ ಕಾರು ಕೊಳ್ಳುವಾಗ ಎಲ್ಲಿ ಹೋಗುತ್ತದೆ?

ನನ್ನ ಸೋದರಮಾವನ ಮಗ ಮೊದಲ ವಾರ ಜಗಳವಾಡಿದ, ಫಲವಾಗಲಿಲ್ಲ. ಹಾವೇರಿಯ ವಕೀಲರೊಬ್ಬರ ಸಲಹೆಯಂತೆ ಎರಡನೆಯ ವಾರ, ವಾರಂಟಿ ನಿರಾಕರಿಸಿದ ಕಾರಣವನ್ನು ಬರೆದುಕೊಡಿ ಎಂದು ವರ್ಕ್‌ಶಾಪಿಗೂ ಕಂಪನಿಗೂ ಪತ್ರ ಕೊಟ್ಟ. ಇಚಲಕರಂಜಿಯಲ್ಲಿ ಎಂಜಿನ್ ಎಣ್ಣೆ ಬದಲಿಸಿದ್ದಕ್ಕೂ ಗೇರುಪೆಟ್ಟಿಗೆಯ ಇಲೆಕ್ಟ್ರಾನಿಕ್ ಭಾಗ ಕೆಟ್ಟಿದ್ದಕ್ಕೂ ಏನು ಸಂಬಂಧವೆಂದು ತಿಳಿಸಿ, ಇಲ್ಲವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ತಿಳಿಸಿ ಎಂಬುದು ಪತ್ರದ ಕೊನೆಯ ಸಾಲು. ಹದಿನೆಂಟು ದಿನಗಳ ಬಳಿಕ ಉತ್ತರ ಬಂತು. ಸಂಬಂಧವೇನೆಂದು ಅದರಲ್ಲಿರಲಿಲ್ಲ. ‘ಸದ್ಭಾವನೆಯ ದ್ಯೋತಕವಾಗಿ’ ಬಿಡಿಭಾಗದ ಬೆಲೆಯ ಮುಕ್ಕಾಲು ಪಾಲನ್ನು ಭರಿಸುವುದಾಗಿ ಮಾತ್ರ ಇತ್ತು. ಪೂರ್ತಿ ಹಣಕ್ಕೆ ಪಟ್ಟು ಹಿಡಿಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅವನು ಒಪ್ಪಿಕೊಂಡ, ಮೆಣಸಿನಕಾಯಿ ಸುಗ್ಗಿ ಶುರುವಾಗಿತ್ತು, ಕಾರು ಬೇಕಿತ್ತು.

ಕಳೆದ ತಿಂಗಳು ಅವನ ಭಾವ ರಾಣೆಬೆನ್ನೂರಿನಿಂದ ಗೋವಾಕ್ಕೆ ಒಂದು ಕಾರು ನೋಡಲು ಹೊರಟಿದ್ದರು. ಬಣ್ಣ ಬಿಳಿಯದೋ ಬೂದಿಯದೋ ಎಂಬ ಚರ್ಚೆ ಮನೆಯಲ್ಲಿ ಜೋರಾಗಿತ್ತು. ಇವನು ಒಳಗೆ ಹೋಗಿ ತನ್ನ ಕಾರಿನ ಸರ್ವೀಸು ಪುಸ್ತಕ ತಂದು, 20,000ದ ಪುಟ ಖಾಲಿ ಇರುವುದನ್ನು ತೋರಿಸಿದ. ‘ಭಾವಾ, ಅಲ್ಲಿ ಹೋದ ಕೂಡಲೇ ಬಾನೆಟ್ ತಗಸಬ್ಯಾಡ್ರಿ, ಮೊದಲ ಇದನ್ನ ತಗಸ್ರಿ’ ಎಂದ.